ಬಾನಿಗೊಂದು ಗಾಜು, ನೆರಳಿಗೊಂದು ಫ್ಲ್ಯಾಶ್

ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಬೆಳಗಿನ 9 ಗಂಟೆಗೆ ಎರಡು ಬೆಳಕು. ಗರಿಗಳ ಮೇಲೆ ಕಣ್ಣು ಕೋರೈಸುವ ಬಿಸಿಲು. ಬುಡದಲ್ಲಿ ಕೂತು ಕಾಯಿ ಸುಲಿಯುವವರ ಮುಖದ ಮೇಲೆ ದಟ್ಟ ನೆರಳು. ನಮ್ಮ ಕಣ್ಣಿಗೆ ಎರಡೂ ಕಾಣುತ್ತವೆ, ಫಿಲ್ಮಿಗೆ ಕಾಣುವುದಿಲ್ಲ. ಛಾಯಾಗ್ರಾಹಕರು ಬೆಳಕನ್ನು ಸ್ಟಾಪ್‌ಗಳಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ. ಕಲರ್ ಸ್ಲೈಡ್ ಫಿಲ್ಮ್ ಸುಮಾರು 5 ಸ್ಟಾಪ್‌ಗಳೊಳಗಿನ ವಿವರವನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. ನೆಗೆಟಿವ್ ಫಿಲ್ಮ್ ಇನ್ನಷ್ಟು ಉದಾರಿ, ಆದರೆ ಅದಕ್ಕೂ ಮಿತಿಯಿದೆ. ಬಾನಿಗೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ, ಮುಖಕ್ಕೆ ಹೊಂದಿಸಿದರೆ ಬಾನು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಈ ಅಂತರ ತಗ್ಗಿಸುವ ಎರಡು ಸಾಧನಗಳೇ ಫಿಲ್ಟರ್ ಮತ್ತು ಫಿಲ್ ಫ್ಲ್ಯಾಶ್. ಮೊದಲನೆಯದು ಹೆಚ್ಚಾದ ಬೆಳಕನ್ನು ತಡೆಯುತ್ತದೆ, ಎರಡನೆಯದು ಕೊರತೆಯಿದ್ದಲ್ಲಿ ತುಂಬುತ್ತದೆ.

ತೆಂಗು ಎಂದೊಡನೆ ಎಲ್ಲರಿಗೂ ನೆನಪಾಗುವುದು ಮಲ್ಪೆ, ಮರವಂತೆಯ ಕಡಲತೀರ. ಅಲ್ಲಿ ಮರಳೂ ನೀರೂ ಬಿಸಿಲನ್ನು ಮೇಲಕ್ಕೆ ಚೆಲ್ಲಿ ನೆರಳನ್ನು ತಿಳಿಗೊಳಿಸುತ್ತವೆ. ದಿಗಂತವೋ ಗೀಟೆಳೆದಂತೆ ನೇರ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕೆಂಪು ಮಣ್ಣು ಬಿಸಿಲಿನ ಬಹುಪಾಲನ್ನು ನುಂಗಿಬಿಡುತ್ತದೆ. ದಿಗಂತದುದ್ದಕ್ಕೂ ತೆಂಗಿನ ತಲೆಗಳು ಏರಿಳಿಯುತ್ತವೆ. ಕಡಲತೀರದಲ್ಲಿ ಕಲಿತ ಉಪಾಯಗಳನ್ನು ಇಲ್ಲಿ ತಿದ್ದಿಕೊಂಡೇ ಬಳಸಬೇಕು.

ಗ್ರಾಜುಯೇಟೆಡ್ ಫಿಲ್ಟರನ್ನೇ ನೋಡಿ. ಗಾಜಿನ ಅರ್ಧ ಬೂದು, ಅರ್ಧ ನಿರ್ವರ್ಣ. ಬೂದು ಭಾಗ ಬಾನಿನ ಬೆಳಕನ್ನು 2 ಅಥವಾ 3 ಸ್ಟಾಪ್ ತಗ್ಗಿಸಿದರೆ ಕೆಳಗಿನ ನೆಲದ ಬೆಳಕಿಗೆ ಅಡ್ಡಿಯಿಲ್ಲ. ಸಮುದ್ರಕ್ಕೆ ನಡುಗೆರೆ ಸ್ಪಷ್ಟವಾಗಿರುವ ಫಿಲ್ಟರ್ ಸರಿ. ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟ ಕೆರೆಯ ಏರಿಯಲ್ಲೋ ನೊಣವಿನಕೆರೆಯ ದಂಡೆಯಲ್ಲೋ ಅದನ್ನು ಹಾಕಿದರೆ ಆಚೆ ದಡದ ಮರಗಳ ಮೇಲರ್ಧ ಕಪ್ಪುಗಟ್ಟುತ್ತದೆ. ಇಲ್ಲಿಗೆ ಬೂದು ಬಣ್ಣ ಮೆಲ್ಲಗೆ ಕರಗುವ ಫಿಲ್ಟರೇ ಬೇಕು.

ಎರಡನೆಯ ಫಿಲ್ಟರ್ ಪೋಲರೈಸರ್. ತೆಂಗಿನ ಗರಿ ನುಣುಪು; ಬಿಸಿಲೇರಿದರೆ ಅದು ಬಾನಿನ ಬೆಳಕನ್ನು ಪ್ರತಿಫಲಿಸಿ ಹಸಿರನ್ನೇ ಮರೆಮಾಡುತ್ತದೆ. ಪೋಲರೈಸರನ್ನು ತಿರುಗಿಸುತ್ತ ಹೋದಂತೆ ಆ ಹೊಳಪು ಇಳಿದು ಗರಿಯ ನಿಜಬಣ್ಣ ಮೇಲೇಳುತ್ತದೆ. ಬೆಳಗ್ಗೆ ಸೂರ್ಯ ಪೂರ್ವದಲ್ಲಿರುವಾಗ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿ ನಿಂತರೆ ಬಾನಿನ ನೀಲಿಯೂ ಗಾಢವಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒಂದೂವರೆಯಿಂದ 2 ಸ್ಟಾಪ್ ಬೆಳಕು. ಕೆರೆಯ ಮುಂದೆ ಮಾತ್ರ ಜೋಪಾನ: ಪೂರ್ತಿ ತಿರುಗಿಸಿದರೆ ನೀರಿನಲ್ಲಿ ತಲೆಕೆಳಗಾಗಿ ನಿಂತ ತೆಂಗುಗಳೂ ಅಳಿಸಿಹೋದಾವು.

ಕಪ್ಪು-ಬಿಳುಪು ಫಿಲ್ಮ್ ಹಾಕಿದವರಿಗೆ ಈ ಸೀಮೆಯಲ್ಲಿ ಇನ್ನೊಂದು ಆಯ್ಕೆ ಎದುರಾಗುತ್ತದೆ. ಬಣ್ಣದ ಫಿಲ್ಟರ್ ತನ್ನ ಬಣ್ಣದ ವಸ್ತುವನ್ನು ತಿಳಿಯಾಗಿಸಿ, ಎದುರು ಬಣ್ಣವನ್ನು ಕಪ್ಪಾಗಿಸುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಉತ್ತ ಮಣ್ಣು ಬೆಳಗುತ್ತದೆ, ಬಾನು ಗುಡುಗುವಷ್ಟು ಕಪ್ಪಾಗುತ್ತದೆ, ಗರಿಗಳೂ ಕಪ್ಪಾಗುತ್ತವೆ; ಎಕ್ಸ್‌ಪೋಷರ್ 3 ಸ್ಟಾಪ್ ಹೆಚ್ಚಿಸಬೇಕು. ಹಸಿರು ಫಿಲ್ಟರ್ ಹಾಕಿದರೆ ಗರಿ ಬೆಳಗುತ್ತದೆ, ಮಣ್ಣು ಹಿಂದೆ ಸರಿಯುತ್ತದೆ. ಹಳದಿಯದು ನಡುದಾರಿ, 1 ಸ್ಟಾಪ್ ಕೊಟ್ಟರೆ ಮೋಡಗಳು ಬಾನಿನಿಂದ ಬಿಡಿಸಿಕೊಂಡು ನಿಲ್ಲುತ್ತವೆ. ಚಿತ್ರ ಮಣ್ಣಿನದೋ ಮರದ್ದೋ ಎಂಬುದನ್ನು ಶಟರ್ ಒತ್ತುವ ಮೊದಲೇ ತೀರ್ಮಾನಿಸಿರಬೇಕು.

ನೆರಳಿನಲ್ಲಿ ಕೂತವರಿಗೆ ಯಾವ ಫಿಲ್ಟರೂ ಬೆಳಕು ಕೊಡಲಾರದು. ಅಲ್ಲಿ ಫ್ಲ್ಯಾಶ್ ಬೇಕು. ಲೆಕ್ಕ ಸರಳ: ಫ್ಲ್ಯಾಶಿನ ಬಲವನ್ನು ಸೂಚಿಸುವ ಗೈಡ್ ನಂಬರನ್ನು ಲೆನ್ಸಿನ ತೆರವಿನ ಅಳತೆಯಾದ ಅಪರ್ಚರ್‌ನಿಂದ ಭಾಗಿಸಿದರೆ ಫ್ಲ್ಯಾಶ್ ಪೂರ್ತಿ ಬೆಳಗುವ ದೂರ ಸಿಗುತ್ತದೆ. ಉದಾಹರಣೆಗೆ, ಪೆಂಟಾಕ್ಸ್ ಕೆ1000 ಕ್ಯಾಮೆರಾ ಫ್ಲ್ಯಾಶಿನೊಂದಿಗೆ ಹೊಂದುವ ಗರಿಷ್ಠ ಶಟರ್ ವೇಗ 1/60 ಸೆಕೆಂಡ್. 100 ಐಎಸ್‌ಒ ಫಿಲ್ಮ್, ತೆಳುಮೋಡದ ಬಿಸಿಲು, ಹಿನ್ನೆಲೆಗೆ ಎಫ್/11 ಎಂದಿಟ್ಟುಕೊಳ್ಳಿ. ಗೈಡ್ ನಂಬರ್ ಮೀಟರ್ ಲೆಕ್ಕದಲ್ಲಿ 32 ಇದ್ದರೆ, ಸುಮಾರು 3 ಮೀಟರ್ ದೂರಕ್ಕೆ ಪೂರ್ತಿ ಬೆಳಕು. ಪೂರ್ತಿ ಕೊಟ್ಟರೆ ಮುಖ ಸ್ಟುಡಿಯೋದಲ್ಲಿ ತೆಗೆದದ್ದೆನಿಸುತ್ತದೆ. 4 ಮೀಟರಿಗೆ ಹಿಂದೆ ಸರಿದರೆ ಬೆಳಕು ಅರ್ಧವಾಗಿ ನೆರಳು ನೆರಳಾಗಿಯೇ ಉಳಿಯುತ್ತದೆ, ಮುಖವೂ ಕಾಣುತ್ತದೆ. 400 ಐಎಸ್‌ಒ ಫಿಲ್ಮ್ ಹಾಕಿ ಇದೇ ಕ್ಯಾಮೆರಾದಲ್ಲಿ ಕಡುಬಿಸಿಲಿಗೆ ಹೊರಟರೆ ಎಫ್/22ಕ್ಕೆ ಕಿರಿದಾಗಿಸಿದರೂ ಬೆಳಕು ಮಿತಿಮೀರುತ್ತದೆ. ಕಡಿಮೆ ಐಎಸ್‌ಒ ಇರುವ ನಿಧಾನದ ಫಿಲ್ಮೇ ಇಲ್ಲಿಗೆ ಸೂಕ್ತ. ಸಂಜೆಗೆಂಪಿನಲ್ಲಿ ಫ್ಲ್ಯಾಶಿನ ಬಿಳಿ ಬೆಳಕು ಒಗ್ಗುವುದಿಲ್ಲ. ಅದರ ಮುಂದೆ ಕಿತ್ತಳೆ ಛಾಯೆಯ ಜೆಲ್ ಕಾಗದ ಅಂಟಿಸಬೇಕು.

ಬೆಳಕನ್ನು ತಡೆದು, ತಿರುಗಿಸಿ, ತುಂಬುವ ಈ ವಿದ್ಯೆಗೆ ಕರ್ನಾಟಕದಲ್ಲಿ ದೊಡ್ಡ ಪರಂಪರೆಯಿದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸುತ್ತಿತ್ತು. 1946ರಲ್ಲಿ ಅಲ್ಲಿ ಡಿಪ್ಲೊಮಾ ಪಡೆದ ಮೈಸೂರಿನ ವಿ.ಕೆ. ಮೂರ್ತಿ, 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ಹಾಯಿಸಿದರು. ಆ ಬೆಳಕಿನ ಕೋಲು ಭಾರತೀಯ ಸಿನಿಮಾದ ನೆನಪಾಗಿ ಉಳಿಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿ, ಮೂರ್ತಿಯವರ ಕೈಕೆಳಗೆ ಪಳಗಿದ ಗೋವಿಂದ ನಿಹಲಾನಿ 1973ರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಮೂರ್ತಿಯವರ ಕನ್ನಡಿ ಮಾಡಿದ ಕೆಲಸವನ್ನೇ ತೋಟದಲ್ಲಿ ನಿಂತ ಛಾಯಾಗ್ರಾಹಕನ ಪುಟ್ಟ ಫ್ಲ್ಯಾಶ್ ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ.

ಕಲ್ಪತರು ನಾಡೆನಿಸಿದ ಈ ತೆಂಗಿನ ಸೀಮೆಯ ಚಿತ್ರಗಳಿಗೆ ಈ ವಿದ್ಯೆ ಏಕೆ ಮುಖ್ಯ? ಸಂಜೆ ಬಾನಿಗೆ ಕಪ್ಪಾಗಿ ನಿಂತ ತೆಂಗಿನ ಚಿತ್ರಗಳಿಗೆ ಬರವಿಲ್ಲ. ಆ ಮರದಡಿ ದುಡಿಯುವವರು ಅವುಗಳಲ್ಲಿ ಕಾಣುವುದಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆ ತಲುಪುವವರೆಗೆ ಎಷ್ಟೋ ಕೈಗಳ ಕೆಲಸವಿದೆ. ಅದರಲ್ಲಿ ಹೆಚ್ಚಿನದು ನಡೆಯುವುದು ನೆರಳಿನಲ್ಲಿ. ಬಾನನ್ನೂ ಬುಡವನ್ನೂ, ತೋಟವನ್ನೂ ಅದನ್ನು ಸಾಕಿದವರನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಲು ಗಾಜಿನ ತುಂಡೊಂದು, ಪುಟ್ಟ ಫ್ಲ್ಯಾಶೊಂದು ಸಾಕು. ಮನೆಯಲ್ಲಿ ಹಳೆಯ ಕ್ಯಾಮೆರಾ ಇದ್ದವರು 36 ಚಿತ್ರಗಳ ಒಂದು ರೋಲನ್ನು ಒಂದೇ ತೋಟಕ್ಕೆ ಮೀಸಲಿಡಲಿ. ಪ್ರತಿ ಚಿತ್ರದ ಅಪರ್ಚರ್, ಫಿಲ್ಟರ್, ಫ್ಲ್ಯಾಶಿನ ದೂರ ಬರೆದಿಟ್ಟುಕೊಳ್ಳಲಿ. ದುಡಿಯುವವರ ಮುಖ ಬಾನಿನಷ್ಟೇ ಸ್ಪಷ್ಟವಾಗಿ ಮೂಡಿದಾಗಲೇ ಈ ನಾಡಿನ ಭೂದೃಶ್ಯ ಪೂರ್ಣವಾಗುವುದು.