ಸ್ವಯಂಚಾಲಿತ ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಾಯಿಸುವ ಕಾಲ: ಒಂದು ವಿವೇಚನೆ

ಸ್ವಯಂಚಾಲಿತ ಗೇರ್‌ಬಾಕ್ಸುಳ್ಳ ಕಾರು ನಮ್ಮ ಭಾಗದ ಹಳ್ಳಿಗಳಲ್ಲಿ ಈಚಿನವರೆಗೂ ಅಪರೂಪದ ವಸ್ತುವಾಗಿದ್ದಿತು. 2014ರಲ್ಲಿ ಮಾರುತಿ ಸುಜುಕಿ ಸಂಸ್ಥೆಯ ಸೆಲೆರಿಯೋ ಕಾರು ಕಡಮೆ ಬೆಲೆಯ ಸ್ವಯಂಚಾಲಿತ ಗೇರ್ ವ್ಯವಸ್ಥೆಯೊಡನೆ ಮಾರುಕಟ್ಟೆಗೆ ಬಂದ ಮೇಲೆ ಅದು ಸಾಮಾನ್ಯ ಗೃಹಸ್ಥನ ಕೈಗೂ ಎಟುಕುವಂತಾಯಿತು. ಇಂದು ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆಗಳಲ್ಲಿ ಇಂಥ ಕಾರುಗಳನ್ನು, ಅದರಲ್ಲಿಯೂ ಬೆಂಗಳೂರಿನಲ್ಲಿ ಕೆಲವು ವರ್ಷ ಓಡಿ ಕೈಬದಲಾಗಿ ಬಂದವುಗಳನ್ನು ಕಾಣಬಹುದು. ಇವುಗಳ ಒಡೆಯರು ಕೇಳುವ ಪ್ರಶ್ನೆ ಒಂದೇ: ಗೇರ್‌ಬಾಕ್ಸಿನ ಎಣ್ಣೆಯನ್ನು ಯಾವಾಗ ಬದಲಾಯಿಸಬೇಕು? ದೊರೆಯುವ ಉತ್ತರಗಳಾದರೋ ಪರಸ್ಪರ ವಿರುದ್ಧವಾದುವು. ಒಬ್ಬರು 40,000 ಕಿಲೋಮೀಟರಿಗೆ ಎನ್ನುತ್ತಾರೆ. ಇನ್ನೊಬ್ಬರು ಬದಲಾಯಿಸುವ ಅಗತ್ಯವೇ ಇಲ್ಲವೆನ್ನುತ್ತಾರೆ. ಮತ್ತೊಬ್ಬರು, ಬದಲಾಯಿಸಿದರೇ ಕೆಡುತ್ತದೆಂದು ಎಚ್ಚರಿಸುತ್ತಾರೆ.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಯಂತ್ರಶಾಸ್ತ್ರದ ಅಧಿಕಾರವಿಲ್ಲವೆಂಬುದು ನಿಜ. ಆದರೆ ಒಂದಕ್ಕೊಂದು ಹೊಂದದ ಹೇಳಿಕೆಗಳು ಎದುರಾದಾಗ, ಅವನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂದು ವಿಚಾರಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಆ ಕ್ರಮವನ್ನು ಇಲ್ಲಿ ಅನ್ವಯಿಸಲು ಯತ್ನಿಸಿದೆ. ಈ ಯತ್ನಕ್ಕೆ ಪ್ರೇರಣೆಯಾದುದು ಸ್ವಂತ ನಷ್ಟವೇ ಎಂಬುದನ್ನು ಮುಂದೆ ನಿವೇದಿಸಲಾಗುವುದು.

1. ಕೀಲೆಣ್ಣೆಯ ಪಾಠ

ಎಣ್ಣೆಯ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಎತ್ತಿನ ಗಾಡಿಯ ಅಚ್ಚಿಗೂ ಗುಂಬಕ್ಕೂ ನಡುವೆ ಹಾಕುತ್ತಿದ್ದ ಕೀಲೆಣ್ಣೆಯನ್ನು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಸಿದ್ಧಪಡಿಸುತ್ತಿದ್ದರು. ಗಾಡಿಯವನು ಅದರ ಗೊಟ್ಟವನ್ನು ಗಾಡಿಗೇ ಕಟ್ಟಿಕೊಂಡು ಹೊರಡುತ್ತಿದ್ದನು. ಹೊರೆ ಹೆಚ್ಚಾಗಿದ್ದರೆ, ದಾರಿ ಏರಾಗಿದ್ದರೆ, ಧೂಳು ತುಂಬಿದ್ದರೆ ಬೇಗನೆ. ಗಾಡಿ ಮನೆಯ ಮುಂದೆ ನಿಂತೇ ಇದ್ದರೆ ತಡವಾಗಿ. ಅವನು ನೋಡುತ್ತಿದ್ದುದು ಗಾಡಿಯ ದುಡಿಮೆಯನ್ನು, ವಾರ ತಿಥಿಗಳನ್ನಲ್ಲ.

ಇದೇ ತತ್ತ್ವ ಯಂತ್ರಯುಗದಲ್ಲಿ ಲಿಖಿತ ನಿಯಮವಾದುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ, ಎಂದರೆ ಜನರ ಬಾಯಲ್ಲಿರುವ ಬೆಮೆಲ್, ಸ್ಥಾಪಿತವಾಯಿತು, ಕೆ.ಜಿ.ಎಫ್.ನಲ್ಲಿ ಅದರ ಕಾರ್ಖಾನೆ ಬೆಳೆಯಿತು. ಜಪಾನಿನ ಕೊಮಾತ್ಸು ಸಂಸ್ಥೆಯ ತಾಂತ್ರಿಕ ಸಹಕಾರದಿಂದ ಬೆಮೆಲ್ ತಯಾರಿಸಿದ ದೊಡ್ಡ ಬುಲ್ಡೋಜರುಗಳಲ್ಲಿ ಟಾರ್ಕ್ ಕನ್ವರ್ಟರನ್ನೂ ಎಣ್ಣೆಯ ಒತ್ತಡದಿಂದ ಬದಲಾಗುವ ಗೇರುಗಳನ್ನೂ ಉಳ್ಳ ಮಾದರಿಗಳು ಸೇರಿದ್ದುವು. ಆದ್ದರಿಂದ ಸ್ವಯಂಚಾಲಿತ ಕಾರು ನಮ್ಮ ಬೀದಿಗೆ ಬರುವುದಕ್ಕೆ ಬಹಳ ಮೊದಲೇ ಅದರ ಮೂಲತತ್ತ್ವ ನಮ್ಮ ಊರಿನ ಕಾರ್ಮಿಕರಿಗೆ ಪರಿಚಿತವಾಗಿದ್ದಿತು. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದರೂ ಆ ಕಾರ್ಖಾನೆ ಉಳಿದುಕೊಂಡಿದೆ. ಇಂಥ ಯಂತ್ರಗಳಲ್ಲಿ ಎಣ್ಣೆಯ ಅವಧಿಯನ್ನು ಅಳೆಯುವುದು ದುಡಿದ ಗಂಟೆಗಳಿಂದ. ಗಂಟೆಯನ್ನು ಎಣಿಸುವ ಮೀಟರು ಯಂತ್ರದಲ್ಲಿಯೇ ಇರುತ್ತದೆ. ನಿಂತಲ್ಲೇ ನಿಂತು ಮಣ್ಣನ್ನು ತಳ್ಳುವ ಯಂತ್ರಕ್ಕೆ ಕಿಲೋಮೀಟರಿನ ಲೆಕ್ಕ ನಿರರ್ಥಕವಾದುದು. ಕಾರಿನ ಒಡೆಯನು ಮರೆಯುವುದು ಈ ಅಂಶವನ್ನೇ.

2. ಎಣ್ಣೆ ಮಾಡುವ ಕೆಲಸ

ಸಾಮಾನ್ಯ ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಕೆಲಸ ಮುಖ್ಯವಾಗಿ ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವುದು. ಟಾರ್ಕ್ ಕನ್ವರ್ಟರುಳ್ಳ ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಎಣ್ಣೆಯೇ ಯಂತ್ರದ ಒಂದು ಭಾಗ. ಜರ್ಮನಿಯ ಹರ್ಮನ್ ಫಟ್ಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಈ ತತ್ತ್ವದ ಪೇಟೆಂಟನ್ನು ಪಡೆದನು. ಎಂಜಿನು ಒಂದು ಚಕ್ರದಿಂದ ಎಣ್ಣೆಯನ್ನು ಎಸೆಯುತ್ತದೆ; ಆ ಎಣ್ಣೆಯ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಅಮೆರಿಕದ ಓಲ್ಡ್ಸ್‌ಮೊಬಿಲ್ ಕಾರುಗಳಲ್ಲಿ 1940ರ ಮಾದರಿಯಿಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸು ಬಂದಿತು. 1948ರಲ್ಲಿ ಬ್ಯೂಕ್ ಕಾರುಗಳಲ್ಲಿ ಟಾರ್ಕ್ ಕನ್ವರ್ಟರು ಬಂದಿತು.

ಈ ಎಣ್ಣೆ ಶಕ್ತಿಯನ್ನು ಸಾಗಿಸಬೇಕು, ತನ್ನ ಒತ್ತಡದಿಂದ ಕ್ಲಚ್ಚುಗಳನ್ನು ಹಿಡಿಯಬೇಕು, ಬಿಡಬೇಕು, ಗೇರುಗಳನ್ನು ನಯವಾಗಿಡಬೇಕು, ಶಾಖವನ್ನು ಹೊತ್ತೊಯ್ಯಬೇಕು. ಇವೆಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದುಂಟು. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನ ತಟ್ಟೆಗಳು ಜಾರದೆಯೂ ಜಗ್ಗದೆಯೂ ಹದವಾಗಿ ಕೂಡಿಕೊಳ್ಳುವಷ್ಟು ಘರ್ಷಣೆಯನ್ನು ಅದು ಕಾಪಾಡಬೇಕು. ಇದಕ್ಕಾಗಿ ಎಣ್ಣೆಗೆ ವಿಶೇಷ ದ್ರವ್ಯಗಳನ್ನು ಬೆರೆಸಿರುತ್ತಾರೆ. ಒಂದು ಕಾಲದಲ್ಲಿ ಆ ದ್ರವ್ಯ ಸ್ಪರ್ಮ್ ತಿಮಿಂಗಿಲದ ಎಣ್ಣೆಯಾಗಿದ್ದಿತು. 1970ರ ದಶಕದ ಆದಿಯಲ್ಲಿ ಆ ಪ್ರಾಣಿಯ ರಕ್ಷಣೆಗಾಗಿ ಅಮೆರಿಕ ಅದರ ಬಳಕೆಯನ್ನು ನಿಷೇಧಿಸಿದಾಗ ತಯಾರಕರು ಬೇರೆ ದ್ರವ್ಯಗಳನ್ನು ಹುಡುಕಬೇಕಾಯಿತು. ಎಣ್ಣೆಯ ಹದ ಎಷ್ಟು ಸೂಕ್ಷ್ಮವೆಂಬುದು ಇದರಿಂದ ವಿದಿತವಾಗುತ್ತದೆ.

ಹಳೆಯದಾಗುವುದೆಂದರೆ ಈ ಹದ ಕೆಡುವುದು. ಶಾಖದಿಂದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ದಪ್ಪವಾಗುತ್ತದೆ. ಅಂಟು ಕವಾಟಗಳಿಗೆ ಹಿಡಿಯುತ್ತದೆ. ಬೆರೆಸಿದ ದ್ರವ್ಯಗಳು ಕರಗಿಹೋಗುತ್ತವೆ. ಕ್ಲಚ್ಚಿನ ಪುಡಿ ಸೇರಿಕೊಳ್ಳುತ್ತದೆ. ಕಾವು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಎಣ್ಣೆಯ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಬಲ್ಲವರ ಸ್ಥೂಲ ಲೆಕ್ಕ. ಆದುದರಿಂದ ಎಣ್ಣೆಯನ್ನು ಮುದಿಯಾಗಿಸುವುದು ದೂರಕ್ಕಿಂತ ಹೆಚ್ಚಾಗಿ ಶಾಖ.

3. 'ಆಜೀವ' ಎಂಬ ಮಾತಿನ ಪರೀಕ್ಷೆ

ಈ ಲೇಖಕನ ಮನೆಗೆ ಕೈಬದಲಾಗಿ ಬಂದ ಕಾರು ಅದಾಗಲೇ 90,000 ಕಿಲೋಮೀಟರು ಓಡಿದ್ದಿತು. ಅದರ ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಾಯಿಸಿದ ದಾಖಲೆ ಇರಲಿಲ್ಲ. ವಿಚಾರಿಸಿದಾಗ ಗ್ಯಾರೇಜೊಂದರಲ್ಲಿ, 'ಅದು ಆಜೀವ ಎಣ್ಣೆ, ಮುಟ್ಟಬೇಡಿ' ಎಂದರು. ಎರಡು ಬೇಸಗೆಗಳು ಕಳೆದುವು. ಗೇರು ಬದಲಾಗುವಾಗ ಗಾಡಿ ತುಸು ಜಗ್ಗುತ್ತಿದ್ದುದನ್ನು ನಾವು ರಸ್ತೆಯ ದೋಷವೆಂದು ತಿಳಿದೆವು. ತಂದೆಯವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ದಿನ, ಕೆ.ಆರ್. ಪುರದ ದಟ್ಟಣೆಯಲ್ಲಿ ಎಂಜಿನು ಮೊರೆಯುತ್ತಿದ್ದರೂ ಗಾಡಿ ಮುಂದಕ್ಕೆ ಚಲಿಸದೆ ನಿಂತಿತು. ಅವರನ್ನು ಆಟೋವಿನಲ್ಲಿ ಕೂರಿಸಿಕೊಂಡು ಹೋದೆವು. ರಿಪೇರಿಗೆ ತಗುಲಿದ ಹಣ ಕಾರನ್ನು ಕೊಂಡ ಬೆಲೆಯ ಮೂರನೆಯ ಒಂದು ಪಾಲು. ಎಣ್ಣೆಯೊಂದೇ ಕಾರಣವೆಂದು ಸಾಧಿಸುವುದು ಶಕ್ಯವಿಲ್ಲ. ಬಿಚ್ಚಿದಾಗ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆಯಿಂದ ಕೂಡಿದ್ದಿತೆಂಬುದನ್ನು ಮಾತ್ರ ಕಣ್ಣಾರೆ ಕಂಡುದಾಗಿದೆ.

'ಆಜೀವ' ಎಂದರೆ ಯಾರ ಜೀವ? ಇಲ್ಲಿ ಆಕರ ವಿಮರ್ಶೆ ನೆರವಾಗುತ್ತದೆ. ಹೊಸ ಕಾರನ್ನು ಮಾರುವವನಿಗೆ ಪಾಲನೆಯ ವೆಚ್ಚ ಕಡಮೆಯೆಂದು ತೋರುವುದು ಲಾಭಕರ. ಅವನ ಹೊಣೆ ವಾರಂಟಿಯ ಅವಧಿಯೊಡನೆ ಮುಗಿಯುತ್ತದೆ. ಗೇರ್‌ಬಾಕ್ಸನ್ನೇ ತಯಾರಿಸುವ ಜರ್ಮನಿಯ ಜೆಡ್.ಎಫ್. ಸಂಸ್ಥೆಯ ಸಲಹೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಗೇರ್‌ಬಾಕ್ಸನ್ನು ಕೊಂಡು ಕೂಡಿಸುವ ಕಾರು ತಯಾರಕರಲ್ಲಿ ಕೆಲವರು ಆಜೀವ ಎಣ್ಣೆಯೆಂದರೂ, ಜೆಡ್.ಎಫ್. ಮಾತ್ರ 80,000ದಿಂದ 1,20,000 ಕಿಲೋಮೀಟರುಗಳ ನಡುವೆ, ಅಥವಾ 8 ವರ್ಷಗಳೊಳಗೆ, ಬದಲಾಯಿಸಬೇಕೆನ್ನುತ್ತದೆ. ಒಂದೇ ವಸ್ತುವಿನ ಬಗ್ಗೆ ಎರಡು ಸಾಕ್ಷ್ಯಗಳಿದ್ದಾಗ, ವಸ್ತುವನ್ನು ಒಳಗಿನಿಂದ ಬಲ್ಲವನ ಮಾತಿಗೆ ಹೆಚ್ಚು ತೂಕ.

ಬದಲಾಯಿಸಿದರೆ ಕೆಡುತ್ತದೆಂಬ ಮೂರನೆಯ ಅಭಿಪ್ರಾಯವೂ ಹೀಗೆಯೇ ಪರೀಕ್ಷಾರ್ಹವಾದುದು. ಬಹುಮಂದಿ ಗೇರು ಜಾರತೊಡಗಿದ ಮೇಲೆ ಎಣ್ಣೆಯನ್ನು ಬದಲಾಯಿಸುತ್ತಾರೆ. ಆಗ ಕ್ಲಚ್ಚು ಸವೆದುಹೋಗಿರುತ್ತದೆ. ಹೊಸ ಎಣ್ಣೆ ಅದನ್ನು ಬದುಕಿಸಲಾರದು. ಮುಂದೆ ನಡೆದುದಕ್ಕೆ ಹಿಂದೆ ನಡೆದುದೇ ಕಾರಣವೆಂದು ಭಾವಿಸುವ ತಪ್ಪು ಇತಿಹಾಸ ಬರೆಯುವವರಿಗೂ ಅಪರಿಚಿತವಲ್ಲ. ಆದರೂ ಈ ಮಾತಿನಲ್ಲಿ ಒಂದು ಎಚ್ಚರಿಕೆಯ ಅಂಶವುಂಟು: ಬಹಳ ಓಡಿ ಈಗಾಗಲೇ ಜಾರುತ್ತಿರುವ ಗೇರ್‌ಬಾಕ್ಸನ್ನು ಯಂತ್ರದ ಒತ್ತಡದಿಂದ ತೊಳೆಸುವುದಕ್ಕಿಂತ ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸುವುದು ಕ್ಷೇಮ.

4. ನಮ್ಮ ರಸ್ತೆಗಳು, ನಮ್ಮ ಲೆಕ್ಕ

ಕಾರಿನ ಕೈಪಿಡಿಗಳಲ್ಲಿ ಅನೇಕ ವೇಳೆ ಎರಡು ಪಟ್ಟಿಗಳಿರುತ್ತವೆ: ಸಾಮಾನ್ಯ ಬಳಕೆಯದೊಂದು, ಕಠಿನ ಬಳಕೆಯದೊಂದು. ಎರಡನೆಯದನ್ನು ಯಾರೂ ಓದುವುದಿಲ್ಲ. ಪದೇ ಪದೇ ಕಿರುದೂರದ ಓಡಾಟ, ನಿಂತು ಹೊರಡುವ ದಟ್ಟಣೆ, ಬಿಸಿಲು, ಧೂಳು, ಏರುದಾರಿ, ತುಂಬು ಹೊರೆ, ಬಾಡಿಗೆಯ ಓಟ — ಇವು ಕಠಿನ ಬಳಕೆಯ ಲಕ್ಷಣಗಳು. ಕ್ಯಾಸಂಬಳ್ಳಿಯಿಂದ ಸಂತೆಗೂ ಶಾಲೆಗೂ ಹೋಗಿಬರುವ, ವಾರಕ್ಕೊಮ್ಮೆ ಬೆಂಗಳೂರಿನ ದಟ್ಟಣೆಯಲ್ಲಿ ಸಿಲುಕುವ ಕಾರು ಇವುಗಳಲ್ಲಿ ಹೆಚ್ಚಿನವನ್ನು ಅನುಭವಿಸುತ್ತದೆ. ಗೇರು ಹಾಕಿಯೇ ಬ್ರೇಕು ಒತ್ತಿ ನಿಂತಾಗ ಎಂಜಿನಿನ ಶಕ್ತಿ ಚಲನೆಯಾಗದೆ ಎಣ್ಣೆಯನ್ನು ಕಡೆದು ಶಾಖವಾಗುತ್ತದೆ. ಆಗ ಕಿಲೋಮೀಟರಿನ ಮೀಟರು ಅಲುಗದಿದ್ದರೂ ಎಣ್ಣೆಯ ಆಯುಸ್ಸು ಕಳೆಯುತ್ತಿರುತ್ತದೆ.

ಕೈಪಿಡಿಯಲ್ಲಿ ಕಠಿನ ಬಳಕೆಯ ಅವಧಿಯನ್ನು ಹೇಳಿದ್ದರೆ ಅದೇ ಪ್ರಮಾಣ. ಹೇಳದಿದ್ದಲ್ಲಿ, ನಮ್ಮ ಭಾಗದ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸಿಗೂ ಬೆಲ್ಟಿನ ಸಿ.ವಿ.ಟಿ. ಗೇರ್‌ಬಾಕ್ಸಿಗೂ 40,000ದಿಂದ 60,000 ಕಿಲೋಮೀಟರು ಎಚ್ಚರದ ಎಣಿಕೆ. ಎಣ್ಣೆಯಲ್ಲಿ ಮುಳುಗಿದ ಎರಡು ಕ್ಲಚ್ಚುಗಳ ಗೇರ್‌ಬಾಕ್ಸುಗಳಲ್ಲಿ, ಫೋಕ್ಸ್‌ವ್ಯಾಗನ್ ಸಂಸ್ಥೆಯ ಆರು ಗೇರಿನ ಮಾದರಿಗೆ ಆ ಸಂಸ್ಥೆಯೇ 60,000 ಕಿಲೋಮೀಟರಿನ ಅವಧಿಯನ್ನು ವಿಧಿಸಿದೆ. ಸೆಲೆರಿಯೋದಂಥ ಕಾರುಗಳ ಎ.ಎಂ.ಟಿ. ವ್ಯವಸ್ಥೆ ಬೇರೆ ಜಾತಿಯದು. ಅದು ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ಚನ್ನು ಒತ್ತುವ, ಗೇರನ್ನು ಬದಲಾಯಿಸುವ ಕೈಕಾಲುಗಳ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದಕ್ಕೆ ಸಾಮಾನ್ಯ ಗೇರೆಣ್ಣೆಯ ಅವಧಿಯೇ ಸಲ್ಲುತ್ತದೆ. ಒತ್ತಡದಿಂದ ಕೆಲಸಮಾಡುವ ಅಂಗದ ದ್ರವವನ್ನು ಬೇರೆಯಾಗಿ ನೋಡಿಸಬೇಕು. ಒಂದು ಜಾತಿಯ ಎಣ್ಣೆಯನ್ನು ಇನ್ನೊಂದಕ್ಕೆ ಹಾಕುವುದು, ಹಳೆಯದನ್ನೇ ಉಳಿಸಿಕೊಳ್ಳುವುದಕ್ಕಿಂತಲೂ ಅಪಾಯಕರ.

ಕೈಬದಲಾಗಿ ಬಂದ, ದಾಖಲೆಯಿಲ್ಲದ ಕಾರಿನ ಎಣ್ಣೆಯನ್ನು ಬದಲಾಯಿಸಿಲ್ಲವೆಂದೇ ತಿಳಿಯತಕ್ಕದ್ದು. ಬಣ್ಣವೊಂದನ್ನೇ ನಂಬಬಾರದು, ಕೆಂಪಲ್ಲದ ಹೊಸ ಎಣ್ಣೆಗಳೂ ಇವೆ. ಆದರೆ ಸುಟ್ಟ ವಾಸನೆ, ಗೇರು ಕೂಡುವಾಗ ತಡ ಅಥವಾ ಜಗ್ಗು, ಹಾಲು ಬೆರೆತಂತೆ ಕಾಣುವ ಎಣ್ಣೆ — ಇವು ತಡಮಾಡದೆ ಗ್ಯಾರೇಜಿಗೆ ಹೋಗಬೇಕೆಂಬ ಸೂಚನೆಗಳು. ಕೊನೆಯದು ನೀರು ಸೇರಿರುವುದರ ಗುರುತು.

5. ಬದಲಾಯಿಸುವ ಕ್ರಮ

ತಳದ ತೊಟ್ಟಿಯಿಂದ ಬಸಿದರೆ ಹೊರಬರುವುದು ಒಟ್ಟು ಎಣ್ಣೆಯ ಒಂದು ಭಾಗ ಮಾತ್ರ. ಉಳಿದುದು ಕನ್ವರ್ಟರಿನಲ್ಲಿಯೂ ನಾಳಗಳಲ್ಲಿಯೂ ನಿಂತಿರುತ್ತದೆ. ಆದ್ದರಿಂದ ಕೆಲವು ದಿನ ಓಡಿಸಿ ಮತ್ತೊಮ್ಮೆ ಬಸಿಯುವ ಪದ್ಧತಿಯುಂಟು. ಸೋಸುವ ಫಿಲ್ಟರನ್ನು ಬದಲಾಯಿಸುವ ಸೌಕರ್ಯವಿದ್ದರೆ ಜೊತೆಯಲ್ಲಿಯೇ ಬದಲಾಯಿಸಬೇಕು. ತೊಟ್ಟಿಯ ಅಯಸ್ಕಾಂತಕ್ಕೆ ಹತ್ತಿದ ನುಣುಪಾದ ಬೂದುಬಣ್ಣದ ಕೆಸರು ಸಹಜವಾದುದು. ಲೋಹದ ಚೂರುಗಳು ಸಹಜವಲ್ಲ. ಎಣ್ಣೆಯ ಮಟ್ಟವನ್ನು ಸಮನೆಲದ ಮೇಲೆ, ಕೈಪಿಡಿ ಹೇಳಿದ ಉಷ್ಣದಲ್ಲಿಯೇ ನೋಡಬೇಕು. ಎಣ್ಣೆ ಕಾದಂತೆ ಉಬ್ಬುವುದರಿಂದ ಬೇರೆ ಉಷ್ಣದಲ್ಲಿ ನೋಡಿದ ಮಟ್ಟ ಸುಳ್ಳಾಗುತ್ತದೆ. ಬಸಿದ ಎಣ್ಣೆಯನ್ನು ಮೋರಿಗೆ ಚೆಲ್ಲದೆ, ಅದನ್ನು ಮತ್ತೆ ಶುದ್ಧಿಗೊಳಿಸುವವರಿಗೆ ತಲಪಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿದ ಈ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಕಡೆಯ ಮಾತೊಂದು. ಎಣ್ಣೆ ಬದಲಾದ ದಿನ, ಮೀಟರಿನ ಅಂಕಿ, ಎಣ್ಣೆಯ ಹೆಸರು, ಹಾಕಿದ ಲೀಟರುಗಳು — ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಐದು ನಿಮಿಷದ ಕೆಲಸ. ನಮ್ಮ ಕಾರಿನ ಹಿಂದಿನ ಒಡೆಯರು ಅಷ್ಟನ್ನು ಬರೆದಿಟ್ಟಿದ್ದರೆ ನಾವು ಊಹೆಯ ಮೇಲೆ ಎರಡು ಬೇಸಗೆಗಳನ್ನು ಕಳೆಯುತ್ತಿರಲಿಲ್ಲ. ಗೊಟ್ಟವನ್ನು ಜೊತೆಯಲ್ಲಿಟ್ಟುಕೊಂಡಿದ್ದ ಗಾಡಿಯವನಿಗೆ ಅಚ್ಚಿನ ಸ್ಥಿತಿ ಕಣ್ಣಿಗೇ ಕಾಣುತ್ತಿದ್ದಿತು. ಮುಚ್ಚಿದ ಪೆಟ್ಟಿಗೆಯೊಳಗಿನ ಎಣ್ಣೆ ನಮಗೆ ಕಾಣದು. ಅದರ ದುಡಿಮೆಯನ್ನು ತಿಳಿಸಲು ನಮ್ಮಲ್ಲಿರುವುದು ಬರಹವೊಂದೇ.