ಕಲ್ಕತ್ತಾ ಕಾವಲಿನಿಂದ ರಂಗೂನ್ ದಾಳಿಗೆ, ನಡುವೆ ಬೆಂಗಳೂರು

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಇಂದಿರಾನಗರದಲ್ಲಿ ಇಳಿದು ಆಟೋ ಹಿಡಿದರೆ ಎಚ್‌ಎಎಲ್ ವಿಮಾನ ಕಾರ್ಖಾನೆ. ಎರಡನೇ ಮಹಾಯುದ್ಧದ ಒಂದು ದೊಡ್ಡ ತಿರುವಿಗೆ ಈ ಜಾಗದ ನಂಟಿದೆ.

1942ರ ಡಿಸೆಂಬರ್. ರಾತ್ರಿ ಹೊತ್ತು ಜಪಾನಿ ವಿಮಾನಗಳು ಕಲ್ಕತ್ತಾ ಮೇಲೆ ಬಾಂಬ್ ಹಾಕಿದವು. ತಡೆಯಲು ಬ್ರಿಟಿಷರ ಹರಿಕೇನ್ ಯುದ್ಧವಿಮಾನಗಳು ಸಾಲಲಿಲ್ಲ, ಜನವರಿಯಲ್ಲಿ ರೇಡಾರ್ ಇದ್ದ ಬ್ಯೂಫೈಟರ್ ವಿಮಾನಗಳು ಬಂದವು. ಆಗ ಇದ್ದದ್ದು ಒಂದೇ ಯೋಚನೆ: ಬಂದವರನ್ನು ತಡೆಯಬೇಕು.

ವರ್ಷ ಕಳೆಯುವಷ್ಟರಲ್ಲಿ ಲೆಕ್ಕಾಚಾರವೇ ಬದಲು. 1943ರ ಡಿಸೆಂಬರ್‌ನಲ್ಲಿ ಬ್ರಿಟಿಷ್, ಅಮೆರಿಕನ್ ಬಾಂಬರ್‌ಗಳು ಒಂದೇ ಕಮಾಂಡ್ ಕೆಳಗೆ ಬಂದವು. ಗುರಿ? ರಂಗೂನ್ ಬಂದರು, ಬರ್ಮಾದ ರೈಲು ಹಳಿ, ಸೇತುವೆಗಳು. ಬರ್ಮಾದಲ್ಲಿದ್ದ ಜಪಾನಿ ಸೈನ್ಯಕ್ಕೆ ಅಕ್ಕಿ, ಗುಂಡು, ಪೆಟ್ರೋಲ್ ತಲುಪಬಾರದು. ಕೆಳಗೆ ಊರುಗಳಿದ್ದವು, ಜನರಿದ್ದರು, ಅದನ್ನು ಮರೆಯುವಂತಿಲ್ಲ.

ಇಂಥ ಯುದ್ಧ ನಡೆಯುವುದು ಮೆಕ್ಯಾನಿಕ್‌ಗಳ ಕೈಯಲ್ಲಿ. ಒಂದು ಲಿಬರೇಟರ್ ಬಾಂಬರ್‌ಗೆ 4 ಎಂಜಿನ್, ಎಂಜಿನ್‌ಗೆ 14 ಸಿಲಿಂಡರ್. ಒಟ್ಟು 56! ಇವನ್ನೆಲ್ಲ ರಿಪೇರಿ ಮಾಡಲು ಒಂದು ಜಾಗ ಬೇಕಿತ್ತು, ಇಲ್ಲೇ ಬೆಂಗಳೂರಿನ ನಂಟು. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಶುರು ಮಾಡಿದ ಎಚ್‌ಎಎಲ್ ಕಾರ್ಖಾನೆ, 1943ರಲ್ಲಿ ಅಮೆರಿಕನ್ ವಾಯುಪಡೆಯ ರಿಪೇರಿ ಡಿಪೋ ಆಯಿತು. ಕ್ಯಾಟಲಿನಾ ವಿಮಾನಗಳಂತೂ ಬೆಳ್ಳಂದೂರು ಕೆರೆಯ ನೀರಿಗೇ ಬಂದು ಇಳಿಯುತ್ತಿದ್ದವು.

ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿಗೆ ಹಾರಿಸಿ ತಂದು, ಎಚ್‌ಎಎಲ್ ಮತ್ತೆ ಸಜ್ಜು ಮಾಡಿತು. 1948ರಲ್ಲಿ ಅವುಗಳಿಂದಲೇ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಕಟ್ಟಿದರು.