ಖಾಲಿ ಮನೆ ಅಗ್ಗ, ರಿಪೇರಿ ದುಬಾರಿ: ಫ್ರಾನ್ಸ್ ಹಳ್ಳಿಮನೆಯ ಪೂರ್ತಿ ಲೆಕ್ಕ

(ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಆ ರೀಲ್ ನಿಮ್ಮ ಫೋನಿಗೂ ಬಂದಿರುತ್ತೆ. ಕಲ್ಲಿನ ಮನೆ, ನೀಲಿ ಬಣ್ಣದ ಮರದ ಕಿಟಕಿ, ಹಿಂದೆ ಹಸಿರು ಗುಡ್ಡ. ಕೆಳಗೆ "ಫ್ರಾನ್ಸ್‌ನಲ್ಲಿ ಸ್ವಂತ ಮನೆ, 45 ಸಾವಿರ ಯೂರೋ ಮಾತ್ರ". ಯೂರೋಗೆ ನೂರು ರೂಪಾಯಿ ಅಂತ ಸುಲಭದ ಲೆಕ್ಕ ಹಾಕಿದ್ರೆ 45 ಲಕ್ಷ. ಬೆಂಗಳೂರಿನ ಹೊರವಲಯದಲ್ಲಿ ಆ ದುಡ್ಡಿಗೆ ಒಂದು ಒಳ್ಳೇ ಟೂ ಬಿಎಚ್‌ಕೆ ಹುಡುಕಿ ನೋಡಿ! ಹಾಗಾಗಿ ಫ್ರೆಂಡ್ಸ್ ಗ್ರೂಪಲ್ಲಿ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ತಗೊಂಡು, ರಿಪೇರಿ ಮಾಡಿ, ಟೂರಿಸ್ಟ್‌ಗಳಿಗೆ ಬಾಡಿಗೆಗೆ ಬಿಟ್ರೆ ಲೈಫ್ ಸೆಟಲ್."

ಇವತ್ತು ಆ ಮಾತಿನ ಹಿಂದಿರೋ ಲೆಕ್ಕ ನೋಡೋಣ. ಬಿಕಾಂ ಓದಿದವನಿಗೆ ಇಂಥ ಮಾತು ಕೇಳಿದ ತಕ್ಷಣ ಮೊದಲು ಬರೋ ಪ್ರಶ್ನೆ ಒಂದೇ. ಅಷ್ಟು ಅಗ್ಗ ಆಗಿದ್ರೆ ಅಲ್ಲಿನವರೇ ಯಾಕೆ ತಗೊಂಡಿಲ್ಲ?

ಫ್ರಾನ್ಸ್‌ನಲ್ಲಿ ಖಾಲಿ ಬಿದ್ದಿರೋ ಮನೆಗಳು ಸುಮಾರು 30 ಲಕ್ಷ. ಅಂದ್ರೆ ನೂರಕ್ಕೆ ಎಂಟು ಮನೆ. ಆದ್ರೆ ಇವು ಎಲ್ಲಾ ಕಡೆ ಸಮನಾಗಿ ಹರಡಿಲ್ಲ. ದೇಶದ ಮಧ್ಯಭಾಗದಲ್ಲಿ ಕ್ರೂಜ್ ಅಂತ ಒಂದು ಜಿಲ್ಲೆ ಇದೆ, ಗ್ರಾನೈಟ್ ಕಲ್ಲಿನ ನಾಡು. 19ನೇ ಶತಮಾನದಲ್ಲಿ ಅಲ್ಲಿನ ಜನಸಂಖ್ಯೆ ಎರಡೂಮುಕ್ಕಾಲು ಲಕ್ಷಕ್ಕಿಂತ ಹೆಚ್ಚಿತ್ತು, ಈಗ 1.15 ಲಕ್ಷದ ಆಸುಪಾಸು. ಅಲ್ಲಿನ ಗಂಡಸರು ಕಲ್ಲು ಕಟ್ಟೋ ಕೆಲಸಕ್ಕೆ ಹೆಸರಾದವರು. ಪ್ರತಿ ವರ್ಷ ಚಳಿಗಾಲ ಮುಗಿಯೋ ಹೊತ್ತಿಗೆ ಪ್ಯಾರಿಸ್‌ಗೆ ಹೊರಟು, ಅಲ್ಲಿ ಕಟ್ಟಡ ಕಟ್ಟಿ, ಮತ್ತೆ ಚಳಿಗಾಲಕ್ಕೆ ಊರಿಗೆ ಬರ್ತಿದ್ರು. ಬರ್ತಾ ಬರ್ತಾ ವಾಪಸ್ ಬರೋದೇ ನಿಂತುಹೋಯ್ತು. ಆಮೇಲೆ ಮೊದಲ ಮಹಾಯುದ್ಧ. ಫ್ರಾನ್ಸ್‌ನ 13 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಎಷ್ಟು ಚಿಕ್ಕ ಹಳ್ಳಿಗೆ ಹೋದ್ರೂ ಅವರ ಹೆಸರು ಕೆತ್ತಿದ ಒಂದು ಕಲ್ಲು ಕಾಣುತ್ತೆ, ಕೆಲವು ಕಡೆ ಒಂದೇ ಮನೆತನದ ಹೆಸರು ಎರಡು ಮೂರು ಸಲ ಇರುತ್ತೆ.

ಜನ ಹೋದ್ರು, ಮನೆ ಉಳೀತು. ಆದ್ರೆ ಬೀಗ ಹಾಕಿದ ಮನೆ ಮಾರಾಟ ಆಗದೇ ಉಳಿಯೋಕೆ ಇನ್ನೊಂದು ಕಾರಣ ಇದೆ, ಅದು ನಮಗೆ ಚೆನ್ನಾಗೇ ಅರ್ಥ ಆಗುತ್ತೆ. ಪಾಲು! ಫ್ರಾನ್ಸ್‌ನಲ್ಲಿ ಅಪ್ಪ ಅಮ್ಮ ತಮ್ಮ ಆಸ್ತಿಯನ್ನೆಲ್ಲಾ ಇಷ್ಟಬಂದವರ ಹೆಸರಿಗೆ ವಿಲ್ ಬರೆಯೋ ಹಾಗಿಲ್ಲ. ಒಂದೇ ಮಗು ಇದ್ರೆ ಅರ್ಧ, ಇಬ್ಬರಿದ್ರೆ ಮೂರನೇ ಎರಡು, ಮೂರೋ ಅದಕ್ಕಿಂತ ಹೆಚ್ಚೋ ಇದ್ರೆ ಮುಕ್ಕಾಲು ಭಾಗ ಮಕ್ಕಳಿಗೇ ಸೇರಬೇಕು. ಮಕ್ಕಳೆಲ್ಲಾ ಒಟ್ಟಿಗೆ ಮಾಲೀಕರು, ಮಾರೋಕೆ ಸಾಮಾನ್ಯವಾಗಿ ಎಲ್ಲರ ಸಹಿ ಬೇಕು. ಒಬ್ಬ ಪ್ಯಾರಿಸ್‌ನಲ್ಲಿ, ಒಬ್ಬಳು ಲಿಯೋನ್‌ನಲ್ಲಿ, ಇನ್ನೊಬ್ಬ ಇಬ್ಬರ ಜೊತೆಗೂ ಮಾತು ಬಿಟ್ಟಿದ್ದಾನೆ. ಕೋರ್ಟಿಗೆ ಹೋಗೋ ದಾರಿ ಇದೆ, ಆದ್ರೆ 45 ಸಾವಿರದ ಮನೆಗೆ ಯಾರು ಹೋಗ್ತಾರೆ? ಇಪ್ಪತ್ತು ವರ್ಷ ಬೀಗ. ಈ ಇಪ್ಪತ್ತು ವರ್ಷ ಮನೆಗೆ ಏನಾಯ್ತು ಅನ್ನೋದೇ ನಿಮ್ಮ ಖರ್ಚು.

ಮೊದಲು ಛಾವಣಿ. ಒಂದು ಹಂಚು ಜಾರಿದ್ರೆ ಸಾಕು, ಮಳೆ ನೀರು ತೊಲೆಗೆ ಇಳಿಯುತ್ತೆ. ಮನುಷ್ಯರಿಲ್ಲ, ಒಲೆ ಉರಿಯಲ್ಲ, ಗಾಳಿ ಆಡಲ್ಲ. ಒದ್ದೆ ಮರಕ್ಕೆ ಮೇರ್ಯೂಲ್ ಅನ್ನೋ ಒಂದು ಶಿಲೀಂಧ್ರ ಬರುತ್ತೆ. ನಾರ್ಮಂಡಿ, ಬ್ರಿಟನಿ ಕಡೆ ಇದರ ಹೆಸರು ಕೇಳಿದ್ರೇ ಮನೆ ಕೊಳ್ಳೋರು ಹೆದರ್ತಾರೆ. ಗೋಡೆಯೊಳಗೇ ಎಳೆ ಬಿಟ್ಟುಕೊಂಡು ಒಂದು ತೊಲೆಯಿಂದ ಇನ್ನೊಂದಕ್ಕೆ ಹೋಗುತ್ತೆ.

ಗೋಡೆ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ, ಯಾಕಂದ್ರೆ ಎಷ್ಟೋ ಜನ ದುಡ್ಡು ಸುರಿದು ಮನೆ ಹಾಳು ಮಾಡ್ಕೊಳ್ಳೋದು ಇಲ್ಲೇ. ಈ ಮನೆಗಳ ಗೋಡೆ ಅರ್ಧ ಮೀಟರ್‌ಗಿಂತ ದಪ್ಪ. ಎರಡು ಕಡೆ ಕಲ್ಲು, ಮಧ್ಯೆ ಚೂರುಕಲ್ಲು, ಮಣ್ಣು, ಸುಣ್ಣ. ಕೆಳಗೆ ತೇವ ತಡೆಯೋ ಪದರ ಇಲ್ಲ. ನೆಲದ ತೇವ ಮೇಲೆ ಏರುತ್ತೆ, ಸುಣ್ಣದ ಗಾರೆ ಮೂಲಕ ಆವಿಯಾಗಿ ಹೊರಗೆ ಹೋಗುತ್ತೆ. ಗೋಡೆ ಒಣಗೋದೇ ಹೀಗೆ. ಈ ಗೋಡೆಗೆ ನೀಟಾಗಿ ಕಾಣಲಿ ಅಂತ ಸಿಮೆಂಟ್ ಪ್ಲಾಸ್ಟರ್ ಹೊಡೆದ್ರೆ ಆವಿ ಹೋಗೋ ದಾರಿ ಮುಚ್ಚಿತು. ತೇವ ಒಳಗೇ ನಿಂತು ತೊಲೆಯ ತುದಿ ಕೊಳೆಯುತ್ತೆ, ಗೋಡೆ ಬೂಸ್ಟು ಹಿಡಿಯುತ್ತೆ. ನಮ್ಮ ಹಳೇ ತೊಟ್ಟಿ ಮನೆ, ಹಳೇ ಕೋಟೆ ರಿಪೇರಿ ಮಾಡೋರು ಸಿಮೆಂಟ್ ಬೇಡ, ಗಾರೆನೇ ಬೇಕು ಅಂತ ಹಟ ಹಿಡಿಯೋದಕ್ಕೂ ಇದೇ ಕಾರಣ. ಫ್ರಾನ್ಸ್‌ನಲ್ಲಿ ಎಷ್ಟೋ ಮನೆಗಳಲ್ಲಿ ಮೊದಲ ಕೆಲಸ ಅಂದ್ರೆ ಹಿಂದಿನವರು ಹೊಡೆದ ಸಿಮೆಂಟ್ ಕಿತ್ತು ಹಾಕೋದು. ಅಂದ್ರೆ ಯಾರೋ ಮಾಡಿದ "ರಿಪೇರಿ"ಯನ್ನ ಬಿಡಿಸೋಕೆ ನೀವು ದುಡ್ಡು ಕೊಡ್ತೀರಿ.

ಇನ್ನು ಕಾಗದಪತ್ರ. ಅಲ್ಲಿನ ನೋಟರಿ ಅಂದ್ರೆ ಕೋರ್ಟ್ ಮುಂದೆ ಸೀಲ್ ಹೊಡೆಯೋರಲ್ಲ. ಮಾರಾಟ ನೋಂದಣಿ, ಆಸ್ತಿಯ ಇತಿಹಾಸ, ತೆರಿಗೆ ಕಟ್ಟಿಸೋದು ಎಲ್ಲಾ ಅವರದ್ದೇ. ಹಳೇ ಮನೆಗೆ ಈ ಖರ್ಚು ಬೆಲೆಯ ಶೇ. 7ರಿಂದ 8, ಮನೆ ತುಂಬಾ ಅಗ್ಗದ್ದಾದ್ರೆ ಇನ್ನೂ ಸ್ವಲ್ಪ ಹೆಚ್ಚು. ಹೆಸರು ನೋಟರಿ ಫೀಸ್, ಆದ್ರೆ ಬಹುಪಾಲು ನಮ್ಮ ಸ್ಟ್ಯಾಂಪ್ ಡ್ಯೂಟಿ ಥರದ ತೆರಿಗೆ. ಮೊದಲ ಕರಾರಿಗೆ ಸಹಿ ಹಾಕಿದ ಮೇಲೂ ಕೊಳ್ಳೋರಿಗೆ 10 ದಿನ ಇರುತ್ತೆ, ಕಾರಣ ಹೇಳದೇ ಹಿಂದೆ ಸರೀಬಹುದು. ಇದು ನನಗೆ ತುಂಬಾ ಇಷ್ಟ ಆದ ನಿಯಮ, ನಮ್ಮಲ್ಲೂ ಇರಬೇಕಿತ್ತು.

ಮಾರೋರು ಒಂದು ಕಟ್ಟು ತಪಾಸಣಾ ವರದಿ ಕೊಡಲೇಬೇಕು. 1949ಕ್ಕಿಂತ ಹಳೇ ಮನೆ ಆದ್ರೆ ಬಣ್ಣದಲ್ಲಿ ಸೀಸ ಇದೆಯಾ, 1997ರ ಜುಲೈಗಿಂತ ಮೊದಲು ಅನುಮತಿ ಪಡೆದದ್ದಾದ್ರೆ ಆಸ್ಬೆಸ್ಟಾಸ್ ಇದೆಯಾ, ವೈರಿಂಗ್ ಹೇಗಿದೆ, ಇಂಧನ ದಕ್ಷತೆಗೆ 'ಎ'ಯಿಂದ 'ಜಿ'ವರೆಗೆ ಯಾವ ಗ್ರೇಡ್. ಇದರಲ್ಲಿ ಜನ ಹಾರಿಸಿಬಿಡೋ ಪುಟ ಒಂದಿದೆ, ಟಾಯ್ಲೆಟ್ ಗುಂಡಿ. ಹಳ್ಳಿಗಳಲ್ಲಿ ಒಳಚರಂಡಿ ಇರಲ್ಲ, ಪ್ರತಿ ಮನೆಗೂ ಅದರದೇ ವ್ಯವಸ್ಥೆ. ಅದು ನಿಯಮಕ್ಕೆ ತಕ್ಕ ಹಾಗಿಲ್ಲ ಅಂತ ವರದಿ ಬಂದ್ರೆ, ಕೊಂಡವರು ಒಂದು ವರ್ಷದೊಳಗೆ ಸರಿ ಮಾಡಿಸಬೇಕು. ಹೊಸದಕ್ಕೆ ಸುಲಭವಾಗಿ ಹತ್ತು ಸಾವಿರ ಯೂರೋ ಹೋಗುತ್ತೆ. ರೀಲ್‌ನಲ್ಲಿ ಗುಂಡಿ ತೋರಿಸಲ್ಲ, ಬಿಡಿ.

ಹತ್ತಿರದಲ್ಲಿ ಸಂರಕ್ಷಿತ ಚರ್ಚೋ ಕೋಟೆಯೋ ಇದ್ರೆ, ಸಾಮಾನ್ಯವಾಗಿ 500 ಮೀಟರ್ ಒಳಗಿನ ಮನೆಗಳ ಹೊರನೋಟ ಬದಲಾಯಿಸೋಕೆ ಸರ್ಕಾರಿ ವಾಸ್ತುಶಿಲ್ಪಿಯ ಅಭಿಪ್ರಾಯ ಬೇಕು. ಕಿಟಕಿಯ ಬಣ್ಣ ಕೂಡ. ಗುತ್ತಿಗೆದಾರರ ಬಗ್ಗೆ ಮಾತ್ರ ಒಂದು ಒಳ್ಳೇ ಸುದ್ದಿ: 1978ರ ಕಾನೂನಿನ ಪ್ರಕಾರ ದೊಡ್ಡ ಕಟ್ಟಡ ಕೆಲಸಕ್ಕೆ 10 ವರ್ಷದ ಹೊಣೆ ಅವರದ್ದು, ಅದಕ್ಕೆ ವಿಮೆನೂ ಕಡ್ಡಾಯ. ಅದಕ್ಕೇ ಅಲ್ಲಿ ಕೊಟೇಶನ್ ಜೊತೆ ವಿಮೆ ಪತ್ರ ಕೇಳ್ತಾರೆ. ಆಗಸ್ಟ್‌ನಲ್ಲಿ ಕೆಲಸ ಆಗುತ್ತೆ ಅಂತ ಮಾತ್ರ ಕಾಯಬೇಡಿ, ಆ ತಿಂಗಳು ಅವರೂ ರಜೆಗೆ ಹೋಗಿರ್ತಾರೆ.

ಈಗ ಲೆಕ್ಕ. ಇದು ಯಾವುದೋ ಒಂದು ಮನೆಯ ಬಿಲ್ ಅಲ್ಲ, ಕ್ಯಾಲ್ಕುಲೇಟರ್ ಹಿಡಿದು ನಾನೇ ಹಾಕಿದ ಉದಾಹರಣೆ. ಮನೆ 45,000 ಯೂರೋ, ನೋಂದಣಿ ಖರ್ಚು 4,500. ಛಾವಣಿ 30,000, ಟಾಯ್ಲೆಟ್ ಗುಂಡಿ 12,000, ವೈರಿಂಗ್ ಮತ್ತು ಪ್ಲಂಬಿಂಗ್ 25,000, ಕಿಟಕಿ, ಚಳಿ ತಡೆಯೋ ಪದರ, ಹೀಟಿಂಗ್ ಸೇರಿ 35,000, ಬಾತ್‌ರೂಮ್ ಅಡುಗೆಮನೆ 20,000, ಮಂಚ, ಹಾಸಿಗೆ, ಪಾತ್ರೆ 12,000. ಒಟ್ಟು 1,83,500. ಅಂದ್ರೆ 45 ಲಕ್ಷದ ಮನೆ 1.83 ಕೋಟಿ ಆಯ್ತು. ಅದೇ ಊರಲ್ಲಿ ರೆಡಿ ಇರೋ ಮನೆ ಇದಕ್ಕಿಂತ ಕಡಿಮೆಗೆ ಸಿಕ್ಕರೂ ಆಶ್ಚರ್ಯ ಇಲ್ಲ.

ಬಾಡಿಗೆ ಎಷ್ಟು ಬರುತ್ತೆ? ಇಂಥ ಮನೆಗೆ ಅಲ್ಲಿ ಝೀತ್ ಅಂತಾರೆ. ನಮ್ಮ ಜೀತಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದ್ರೆ ರಿಪೇರಿ ಮಾಡಿದವರು ಇದೆ ಅಂತಾನೇ ಹೇಳಬಹುದು. ಸೀಸನ್‌ನಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರ, ವಾರದ ಲೆಕ್ಕದಲ್ಲಿ ಬಾಡಿಗೆ. ಜುಲೈ, ಆಗಸ್ಟ್ ಶಾಲೆ ರಜೆಯ 8 ವಾರಕ್ಕೆ ವಾರಕ್ಕೆ 800 ಯೂರೋ, ಬೇರೆ ತಿಂಗಳುಗಳಲ್ಲಿ ಒಟ್ಟು 8 ವಾರ 500ರಂತೆ ಅಂದುಕೊಳ್ಳಿ. ವರ್ಷಕ್ಕೆ 10,400. ಆ್ಯಪ್ ಕಮಿಷನ್, ಪ್ರತಿ ವಾರದ ಕ್ಲೀನಿಂಗ್, ಕರೆಂಟು, ನೀರು, ಸೌದೆ, ವಿಮೆ, ಸ್ಥಳೀಯ ತೆರಿಗೆ ಸೇರಿ 5,900 ಹೋದ್ರೆ ಕೈಗೆ 4,500. ಹಾಕಿದ ದುಡ್ಡಿಗೆ ಶೇ. 2.5ಕ್ಕೂ ಕಡಿಮೆ, ಅದೂ ಆದಾಯ ತೆರಿಗೆಗೆ ಮೊದಲು!

ಆ ತೆರಿಗೆ ಈಚೆಗೆ ಬದಲಾಗಿದೆ. ನಮ್ಮಲ್ಲಿ ಬಾಡಿಗೆ ಆದಾಯಕ್ಕೆ ಶೇ. 30 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆಯಲ್ಲ, ಅಲ್ಲೂ ಅಂಥದ್ದೇ ಒಂದು ಸರಳ ಪದ್ಧತಿ ಇದೆ. 2024ರ ನವೆಂಬರ್ 19ರ ಕಾನೂನು 2025ರ ಆದಾಯದಿಂದ ಅದನ್ನ ಕತ್ತರಿಸಿತು. ಸ್ಟಾರ್ ದರ್ಜೆ ಪಡೆದ ಪ್ರವಾಸಿ ಮನೆಗೆ ಶೇ. 71 ಇದ್ದ ವಿನಾಯಿತಿ 50 ಆಯ್ತು. ದರ್ಜೆ ಇಲ್ಲದ ಮನೆಗೆ ಶೇ. 50 ಇದ್ದದ್ದು 30 ಆಯ್ತು, ಅದೂ ವರ್ಷಕ್ಕೆ 15,000 ಯೂರೋ ಬಾಡಿಗೆವರೆಗೆ ಮಾತ್ರ. ನಮ್ಮ ಉದಾಹರಣೆಗೆ ಹಾಕಿ ನೋಡಿ. ದರ್ಜೆ ಇಲ್ಲದಿದ್ರೆ 7,280 ಯೂರೋ ಮೇಲೆ ತೆರಿಗೆ. ಕೈಗೆ ಬಂದಿದ್ದು 4,500 ಮಾತ್ರ! ಬರದೇ ಇರೋ ಲಾಭಕ್ಕೂ ತೆರಿಗೆ. ಹಾಗಾಗಿ ಅನೇಕರು ನಿಜ ಖರ್ಚು ಮತ್ತು ಡಿಪ್ರಿಸಿಯೇಷನ್ ತೋರಿಸೋ ಇನ್ನೊಂದು ಪದ್ಧತಿಗೆ ಹೋಗ್ತಾರೆ. ಅದಕ್ಕೆ ಅಕೌಂಟೆಂಟ್ ಬೇಕು, ಮತ್ತೆ 2025ರಿಂದ ಹೀಗೆ ಕಳೆದ ಡಿಪ್ರಿಸಿಯೇಷನ್ ಮನೆ ಮಾರುವಾಗ ಲಾಭದ ಲೆಕ್ಕಕ್ಕೆ ವಾಪಸ್ ಸೇರುತ್ತೆ. ಇದರ ಮೇಲೆ, 2034ರಿಂದ ಪ್ರವಾಸಿ ಬಾಡಿಗೆ ಮನೆಗೆ ಇಂಧನ ಗ್ರೇಡ್ ಕನಿಷ್ಠ 'ಡಿ' ಇರಬೇಕು. ಚಳಿ ತಡೆಯೋ ಪದರಕ್ಕೆ ಅಷ್ಟು ದುಡ್ಡು ಇಟ್ಟಿದ್ದು ಇದಕ್ಕೇ.

ಸರ್ಕಾರ ಯಾಕೆ ಹೀಗೆ ಬಿಗಿ ಮಾಡ್ತು? ಕಾನೂನು ತಂದ ಇಬ್ಬರು ಸಂಸದರು ಅನೈಗ್ ಲೆ ಮ್ಯೂರ್ ಮತ್ತು ಇನ್ಯಾಕಿ ಎಚಾನಿಜ್. ಬೇರೆ ಬೇರೆ ಪಕ್ಷ, ಒಬ್ಬರು ಬ್ರಿಟನಿಯವರು, ಇನ್ನೊಬ್ಬರು ಬಾಸ್ಕ್ ನಾಡಿರೋ ಜಿಲ್ಲೆಯವರು. ಆ ಕರಾವಳಿಗಳಲ್ಲಿ ಮನೆಗಳೆಲ್ಲಾ ವಾರದ ಬಾಡಿಗೆಗೆ ಹೋಗಿ, ಅಲ್ಲೇ ಕೆಲಸ ಮಾಡೋ ನರ್ಸ್‌ಗೆ, ಹೋಟೆಲ್ ಹುಡುಗರಿಗೆ ವರ್ಷಪೂರ್ತಿ ಇರೋಕೆ ಮನೆ ಸಿಗ್ತಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದ್ರೆ ಕ್ರೂಜ್‌ನಲ್ಲಿ ಸಮಸ್ಯೆ ಉಲ್ಟಾ. ಅಲ್ಲಿ ಮನೆ ಇದೆ, ಇರೋಕೆ ಜನ ಇಲ್ಲ. ಒಂದೇ ತೆರಿಗೆ ದರ ಎರಡಕ್ಕೂ ಹೇಗೆ ಸರಿಹೋಗುತ್ತೆ ಅನ್ನೋದು ನನಗೆ ಅರ್ಥ ಆಗಿಲ್ಲ.

ಈ ಝೀತ್ ಅನ್ನೋದು ಹುಟ್ಟಿದ್ದೇ ಖಾಲಿ ಹಳ್ಳಿಗಾಗಿ. 1951ರಲ್ಲಿ ಆಲ್ಪ್ಸ್‌ನ ದಕ್ಷಿಣದ ಗುಡ್ಡಗಾಡು ಜಿಲ್ಲೆಯೊಂದರಲ್ಲಿ ಎಮಿಲ್ ಓಬೇರ್ ಅನ್ನೋ ಸೆನೆಟರ್ ಪ್ರಯತ್ನದಿಂದ ಮೊದಲ ಝೀತ್ ಶುರುವಾಯ್ತು. 1955ರಲ್ಲಿ ಝೀತ್ ದ ಫ್ರಾನ್ಸ್ ಒಕ್ಕೂಟ ಬಂತು. ಐಡಿಯಾ ಸರಳ. ರೈತರ ಹತ್ತಿರ ಬಳಸದೇ ಬಿದ್ದಿರೋ ಕಟ್ಟಡ ಇದೆ, ನೆರವು ಕೊಟ್ಟರೆ ರಿಪೇರಿ ಮಾಡ್ತಾರೆ. ಪಟ್ಟಣದ ಸಾಮಾನ್ಯ ಕುಟುಂಬಕ್ಕೆ ಕಡಿಮೆ ಖರ್ಚಿನ ರಜೆ, ರೈತರಿಗೆ ಇನ್ನೊಂದು ಆದಾಯ. ಮಾಲೀಕರು ಪಕ್ಕದ ಮನೆಯಲ್ಲೇ ಇರ್ತಾರೆ. ಕಟ್ಟಡ ಅವರದ್ದೇ, ಸಾಲದ ಬಡ್ಡಿ ಇಲ್ಲ, ಹಾಸಿಗೆ ಬದಲಾಯಿಸೋದೂ ಅವರೇ. ಮೇಲಿನ ಲೆಕ್ಕದಿಂದ ಮನೆಯ ಬೆಲೆ, ಕಮಿಷನ್, ಕ್ಲೀನಿಂಗ್ ತೆಗೆದು ನೋಡಿ, ಅವರಿಗೆ ಯಾಕೆ ಲಾಭ ಆಗ್ತಿತ್ತು ಅಂತ ಗೊತ್ತಾಗುತ್ತೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೂತು, ಕೊಂಡು, ಕೂಲಿ ಕೊಟ್ಟು ಮಾಡಿಸೋರಿಗೆ ಅದೇ ಮನೆ ನಷ್ಟ.

ಊರಿಗೆ? ಬೀಗ ಹಾಕಿ ಬೀಳೋ ಮನೆಗಿಂತ ವರ್ಷಕ್ಕೆ ಹದಿನಾರು ವಾರ ದೀಪ ಹತ್ತೋ ಮನೆ ಮೇಲು ಅಂತಾನೇ ನನ್ನ ಅಭಿಪ್ರಾಯ. ಛಾವಣಿ ಕೆಲಸದವರಿಗೆ, ಕ್ಲೀನಿಂಗ್ ಮಾಡೋರಿಗೆ, ಊರಲ್ಲಿ ಬೇಕರಿ ಇನ್ನೂ ಉಳಿದಿದ್ರೆ ಅವರಿಗೆ ದುಡ್ಡು ಸಿಗುತ್ತೆ. ಆದ್ರೆ ಶಾಲೆಗೆ ಮಕ್ಕಳು ಬರಲ್ಲ. ಅದೇ ಮನೆಗೆ ಒಂದು ಕುಟುಂಬ ಬಂದು ನೆಲೆಸಿದ್ರೆ ತರಗತಿ ಮುಚ್ಚೋದು ತಪ್ಪಬಹುದು.

ಇಷ್ಟಾದ ಮೇಲೂ ನಾನು ತಗೋತೀನಿ ಅನ್ನೋರಿಗೆ ಎರಡು ಮಾತು. ವಿದೇಶಿಯರು ಅಲ್ಲಿ ಮನೆ ಕೊಳ್ಳೋಕೆ ಅಡ್ಡಿ ಇಲ್ಲ, ಆದ್ರೆ ಮನೆ ಇದೆ ಅಂತ ವೀಸಾ ಸಿಗಲ್ಲ. ಷೆಂಗೆನ್ ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಅಷ್ಟೇ, ಬ್ರೆಕ್ಸಿಟ್ ಆದ ಮೇಲೆ ಬ್ರಿಟಿಷರಿಗೂ ಇದೇ ಮಿತಿ. ನಮ್ಮ ಕಡೆಯಿಂದ ಎಲ್‌ಆರ್‌ಎಸ್ ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆ ಮನೆಯನ್ನ ಪ್ರತಿ ವರ್ಷ ಇಲ್ಲಿನ ಐಟಿ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು, ಬಾಡಿಗೆ ಬರಲಿ ಬಿಡಲಿ.

ಸುಮ್ಮನೆ ಒಂದು ವಾರ ಇದ್ದು ಬರ್ತೀನಿ ಅನ್ನೋರು ಬುಕ್ ಮಾಡೋಕೆ ಮುಂಚೆ ಕೀ ಯಾರು ಕೊಡ್ತಾರೆ ಅಂತ ಕೇಳಿ. ಬಾಗಿಲ ಪಕ್ಕದ ಕೋಡ್ ಇರೋ ಡಬ್ಬಿನಾ, ಪಕ್ಕದ ಮನೆಯವರಾ ಅಂತ. ಎರಡನೆಯದಾದ್ರೆ ಭಾನುವಾರ ಬ್ರೆಡ್ ಎಲ್ಲಿ ಸಿಗುತ್ತೆ ಅಂತ ಕೇಳೋಕೂ ಒಬ್ಬರು ಇರ್ತಾರೆ.